ಪಟೇಲರಿಗೆ ವೀಳ್ಯ ಹಿಂದಿರುಗಿಸಿದ್ದು

ಬೆಟ್ಟದಪುರದ ಆಚೆಯ ಒಂದು ಊರಿನಲ್ಲಿ ನಾಟಕದ ತಾಲೀಮು ನಡೆಯುತ್ತಿದ್ದಾಗ ಪಟೇಲರು ಒಬ್ಬ ಯುವಕನ ಕೆನ್ನೆಗೆ ಹೊಡೆದರು. ನನ್ನ ಬೆರಳುಗಳು ಇನ್ನೂ ಹಾರ್ಮೋನಿಯಂ ಮೇಲೇ ಇದ್ದವು. ಆ ಏಟಿನ ಸದ್ದು ನೆನೆದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ನಾನು ಹುಣಸೂರಿನವನು. ಮಹಾರಾಜರ ಕಾಲದ ಆ ದಿನಗಳಲ್ಲಿ ಸುಗ್ಗಿ ಮುಗಿದರೆ ನಮ್ಮ ಸೀಮೆಯ ಊರೂರಿನಲ್ಲೂ ಪೌರಾಣಿಕ ನಾಟಕ ಆಡುವ ಹುಮ್ಮಸ್ಸು. ಅದನ್ನು ಕಲಿಸಲು ಹೋಗುತ್ತಿದ್ದ ಮೇಷ್ಟ್ರು ನಾನು. ಯಾವ ನಾಟಕ ಕಂಪನಿಗೂ ಸೇರಿದವನಲ್ಲ. ಊರಿನವರು ವೀಳ್ಯ ಕೊಟ್ಟು ಕರೆದರೆ ಗಾಡಿಗೆ ಹಾರ್ಮೋನಿಯಂ ಏರಿಸಿ ಹೊರಡುತ್ತಿದ್ದೆ. ವೀಳ್ಯ ಹಿಡಿದೆನೆಂದರೆ ನಾಟಕ ಆಡಿಸಿಯೇ ಕೊಡುತ್ತೇನೆಂದು ಮಾತು ಕೊಟ್ಟಂತೆ. ಅರ್ಧಕ್ಕೆ ಬಿಟ್ಟು ಬಂದವನ ಸುದ್ದಿ ಹುಣಸೂರು ಸಂತೆಯಲ್ಲಿ ಒಂದು ಸುತ್ತು ಹಾಕಿದರೆ, ಪಿರಿಯಾಪಟ್ಟಣದಿಂದ ಕೋಟೆ ತಾಲ್ಲೂಕಿನವರೆಗೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ.

ಆ ಊರಿನಲ್ಲಿ ರಾಜನ ಪಾತ್ರ ಪಟೇಲರದು. ಹೊಲದಿಂದ ದಣಿದು ಬಂದವರೆಲ್ಲ ಚಾವಡಿಯಲ್ಲಿ ಕಾದು ಕೂತಿರಬೇಕು, ಅವರು ಮನಸ್ಸು ಬಂದಾಗ ಬರುವರು. ಬಂದ ಮೇಲೆ ಮೊದಲಿನಿಂದ ಶುರುಮಾಡಬೇಕು. ಶ್ರುತಿ ಬಿಟ್ಟು ಹಾಡಿ, "ನಿಮ್ ಪೆಟ್ಗೇನೇ ಸರಿಯಿಲ್ಲ ಕಣ್ರೀ ಮೇಷ್ಟ್ರೇ" ಎಂದು ಹಾರ್ಮೋನಿಯಂ ತೋರಿಸಿ ಎಲ್ಲರೆದುರು ನಗುವರು. ರಾಜನಿಗೆ ಹಾಡು ಸಾಲದು, ಇನ್ನೊಂದು ಸೇರಿಸಿ. ಮಂತ್ರಿಗೆ ಹಾಡು ಹೆಚ್ಚಾಯಿತು, ಒಂದು ತೆಗೆಯಿರಿ ಎನ್ನುವರು. ಮಧ್ಯಾಹ್ನ ಅವರ ಮನೆಗೆ ನೆಂಟರು ಬಂದರೆ ನನಗೆ ಕರೆ ಬರುತ್ತಿತ್ತು. ಊಟ ಮಾಡಿ ಗೋಡೆಗೊರಗಿದವರ ಮುಂದೆ ನಾನು ಹಾಡಬೇಕು. ನಾನು ವೀಳ್ಯ ಹಿಡಿದದ್ದು ಅದಕ್ಕಾಗಿರಲಿಲ್ಲ. ಒಳಗೊಳಗೇ ಕುದಿಯುತ್ತ ಹಾಡಿದೆ.

ಮಂತ್ರಿಯ ಪಾತ್ರ ಮಾಡುತ್ತಿದ್ದವನು ಪಟೇಲರ ಹೊಲದಲ್ಲೇ ಗೇಯುವ ಯುವಕ. ಅವನು ಬಾಯಿ ತೆರೆದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಆ ಸಂಜೆಯೂ ಅವನ ಹಾಡು ಮುಗಿದಾಗ ಹೊರಗೆ ನಿಂತ ಹೆಂಗಸೊಬ್ಬಳು, "ಇನ್ನೊಂದ್ಸಲ ಯೋಳಣ್ಣ" ಎಂದಳು. ಅವನು ನಾಚಿಕೊಂಡು ನನ್ನ ಮುಖ ನೋಡಿದ. ನಾನು ನಗುತ್ತ ಶ್ರುತಿ ಹಿಡಿದೆ. ಪಟೇಲರು ಎದ್ದು ಬಂದರು.

"ರಾಜ ನಾನೋ ನೀನೋ, ಯೋಳ್ಲಾ?"

ಅಷ್ಟೇ ಮಾತು. ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, "ನಾಳಿಂದ ಇವ್ನು ಬ್ಯಾಡ. ಬ್ಯಾರೆ ಯಾರ್ಗಾದ್ರೂ ಕಲ್ಸಿ" ಎಂದರು.

ನಾನು ಎದ್ದು ನಿಂತೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ನನ್ನ ಜೊತೆ ಬಂದಿದ್ದ ತಬಲದವರು, ನನಗಿಂತ ಹಿರಿಯರು, ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು.

"ಈಗ ನೀನು ಬೈದ್ರೆ ಸಂತೇಲಿ ನಿನ್ ಬೈಗುಳಾನೇ ಆಡ್ಕತಾರೆ. ಅವ್ರು ಒಡೆದದ್ದ ಯಾರೂ ಆಡಾಕಿಲ್ಲ. ಓಗಾದಾದ್ರೆ ಬೆಳಿಗ್ಗೆ ಊರೋರ್ ಮುಂದೆ ಯೋಳ್ಬುಟ್ಟು ಓಗಾನ ಕಣಪ್ಪ."

"ಆ ಮನುಷ್ಯನಿಗೆ ನಾನು ಕೈಮುಗಿದು ಹೋಗಬೇಕಾ ಅಣ್ಣ?"

"ಊಂ. ಮುಗೀಬೇಕು."

ಬೆಳಿಗ್ಗೆ ಊರಿನ ಹಿರಿಯರನ್ನೆಲ್ಲ ಚಾವಡಿಗೆ ಕರೆಸಿದೆ. ಪಟೇಲರೂ ಬಂದು ಕೂತರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಅವರ ಮುಂದೆ ಸರಿಸಿದೆ.

"ನಿಮ್ಮ ವೀಳ್ಯ ನಿಮಗೆ ಒಪ್ಪಿಸ್ತಾ ಇದ್ದೀನಿ. ತಾಲೀಮಿನಲ್ಲಿ ಕೈ ಮಾಡೋ ಕಡೆ ನನ್ನಿಂದ ಕಲಿಸೋಕಾಗಲ್ಲ. ನಿಮ್ಮ ನಾಟಕ ನಿಲ್ಲೋದು ಬೇಡ. ಬಿಳಿಕೆರೆಯಲ್ಲಿ ಒಬ್ಬರು ಒಳ್ಳೆ ಮೇಷ್ಟ್ರಿದ್ದಾರೆ, ಕರೆಸಿ. ಅವರು ಬರೋವರೆಗೂ ಇಲ್ಲೇ ಇದ್ದು, ಹಾಡಿನ ಮಟ್ಟು ಎಲ್ಲಾ ಒಪ್ಪಿಸಿ ಹೋಗ್ತೀನಿ" ಎಂದೆ.

"ಓಡೋಗೋನ್ಗೆ ಏಟೊಂದು ನೆಪ" ಎಂದರು ಪಟೇಲರು.

ನಾನು ಕೈಮುಗಿದೆ. ಒಬ್ಬ ಹಿರಿಯರು ಮಾತ್ರ, "ಓಡೋಗೋನು ಇಂಗೆ ಕರ್ಸಿ ಯೋಳ್ತಾನಾ, ಬುಡಿ ಪಟೇಲ್ರೇ" ಎಂದು ಎದ್ದುಹೋದರು. ಅವರ ಮನೆಯಲ್ಲೇ ನನಗೆ ಊಟವಾಯಿತು. ಪಟೇಲರ ಮನೆಯ ಮುದ್ದೆ ಇನ್ನು ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಕೆಲವು ದಿನಕ್ಕೆ ಬಿಳಿಕೆರೆಯ ಮೇಷ್ಟ್ರು ಬಂದರು. ನಾನು ಏನನ್ನೂ ಮುಚ್ಚಿಡಲಿಲ್ಲ. "ಗೊತ್ತು ಕಣಪ್ಪ. ನಮ್ಮನೇಲಿ ಮದ್ವೆ ಐತೆ, ದುಡ್ಡು ಬೇಕು, ನಂಗೆ ಆರಿಸ್ಕೊಳೋ ಅಂಗಿಲ್ಲ" ಎಂದರು. ಅದಕ್ಕೂ ನನಗೆ ಸಿಟ್ಟು ಬಂತು, ಅವರ ಮೇಲಲ್ಲ.

ಪಟೇಲರು ಸುಮ್ಮನಿರಲಿಲ್ಲ. ನಾನು ಹೆಂಡ ಕುಡಿದು ತಾಲೀಮು ಕೆಡಿಸಿದೆ ಎಂದು ಸಂತೆಯಲ್ಲಿ ಹೇಳಿಸಿದರು. ನಾನು ಎದುರು ಮಾತಾಡಲಿಲ್ಲ. ಹಾಗೆ ಬಾಯಿ ಬಿಗಿಹಿಡಿದು ತಿರುಗಾಡಿದ ತಿಂಗಳುಗಳು ಏಟು ತಿನ್ನುವುದಕ್ಕಿಂತ ಕೆಟ್ಟವು. ಮುಂದಿನ ಸುಗ್ಗಿಯಾದ ಮೇಲೆ ಕೃಷ್ಣರಾಜನಗರದ ಕಡೆಯವರು ಬಂದು, ವೀಳ್ಯ ಕೊಡುವ ಮೊದಲು ಕೇಳಿಯೇ ಬಿಟ್ಟರು: "ಅರ್ಧಕ್ಕೆ ಬುಟ್ಬುಟ್ ಓಯ್ತೀರಂತಲ್ಲಾ?"

"ಹೌದು, ಹೋದೆ. ಹೇಳಿ ಹೋದೆ. ಹೇಗೆ ಹೋದೆ ಅಂತ ಆ ಊರಿನವರನ್ನೇ ಕೇಳಿ ಬನ್ನಿ."

ಅವರು ನಿಜವಾಗಿಯೂ ಹೋಗಿ ಕೇಳಿದರು. ಚಾವಡಿಯಲ್ಲಿದ್ದವರು ನಡೆದದ್ದನ್ನು ನಡೆದ ಹಾಗೆ ಹೇಳಿದ್ದರು. ವೀಳ್ಯ ಬಂತು. ಅಂದಿನಿಂದ, ತಾಲೀಮಿನಲ್ಲಿ ಯಾರೂ ಕೈ ಎತ್ತಬಾರದು ಎಂಬ ಮಾತು ಮೊದಲೇ ಆಡಿಯೇ ವೀಳ್ಯಕ್ಕೆ ಕೈಚಾಚುತ್ತಿದ್ದೆ.

ಕೃಷ್ಣರಾಜನಗರದವರ ನಾಟಕಕ್ಕೆ ಮಂತ್ರಿಯಾಗಲು ಆ ಯುವಕನನ್ನೇ ಕರೆಯಬೇಕೆಂದು ಹುಡುಕಿಕೊಂಡು ಹೋದೆ. ಪಟೇಲರ ಹೊಲ ಬಿಟ್ಟು ಪಿರಿಯಾಪಟ್ಟಣದಲ್ಲಿ ಮೂಟೆ ಹೊರುತ್ತಿದ್ದ. ನನ್ನನ್ನು ಕಂಡು ಸಂತೋಷಪಟ್ಟ, ಎಲೆ ಅಡಿಕೆ ಕೊಡಿಸಿದ. ಹಾಡಿನ ಮಾತು ಎತ್ತಿದ್ದೇ ತಲೆ ಅಲ್ಲಾಡಿಸಿದ.

"ಬ್ಯಾಡಿ ಮೇಷ್ಟ್ರೇ. ಆಡ್ಬೇಕು ಅಂತ ಬಾಯಿ ತೆಗುದ್ರೆ ಕೆನ್ನೆ ಉರೀತದೆ."

ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ನನ್ನ ಹೆಸರು ಉಳಿಯಿತು, ಕೆಲಸವೂ ಸಿಕ್ಕಿತು. ಅಂಥ ಕಂಠವನ್ನು ಮುಚ್ಚಿಸಿದವರು ಅದಾದ ಮೇಲೂ ಎಷ್ಟೋ ವರ್ಷ ರಾಜನ ವೇಷ ಹಾಕಿ ಮೆರೆದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.