ಉದ್ದವ್ವ ಹೊದ್ದ ಕಂಬಳಿ

ಕುರಿಗೆ ಬುದ್ಧಿ ಇಲ್ಲ ಅನ್ನಾವ್ರು ಕುರಿ ಕಾದವ್ರಲ್ಲ ಬಿಡ್ರಿ. ಧುಪದಾಳದಾಗ ಒಂದು ಟಗರು ಇತ್ತಂತ, ಯಾರರ ಸುಳ್ಳು ಹೇಳಿದ್ರ ಸೀನ್ತಿತ್ತು. ಲಗ್ನದ ಮಾತುಕತಿ ಇದ್ರ ಅದನ್ನ ಊರ ಹೊರಗ ಕಟ್ಟಿ ಬರತಿದ್ರು. ಉದ್ದವ್ವನ ಕುರಿಗೋಳು ಅಷ್ಟು ಶ್ಯಾಣ್ಯಾ ಅಲ್ಲ. ಅವಕ್ಕ ಗೊತ್ತಿದ್ದದ್ದು ಒಂದ: ಮಾಲಿಂಗ ಇಲ್ಲ.

ಮಾಲಿಂಗ ಆಕಿ ಗಂಡ. ಶ್ರಾವಣದಾಗ ಹೊಳಿ ಏರಿದಾಗ ಒಂದು ಮರಿ ನೀರಿಗೆ ಬಿತ್ತು. ಕಂಬಳಿ ದಂಡಿಮ್ಯಾಲ ಒಗದು ಇವನೂ ಇಳದ. ಮರಿ ಕೊಣ್ಣೂರ ಕಡೆ ದಂಡಿಗೆ ಹತ್ತಿತು, ಮಾಲಿಂಗ ಹತ್ತಲಿಲ್ಲ. ಹೆಣಾನೂ ಸಿಗಲಿಲ್ಲ. ಉದ್ದವ್ವನ ಕೈಯಾಗಿನ ಬಳಿ ಒಡಿಬೇಕೋ ಇಡಬೇಕೋ ಹಿರ್ಯಾರಿಗೇ ತಿಳಿಲಿಲ್ಲ. ಆಕಿನೂ ಕೇಳಲಿಲ್ಲ.

ಹಟ್ಟಿ ಬಿಟ್ರ ಸಾಕು, ಕುರಿ ಹೊಳಿ ದಂಡಿಗೆ ಹೋಗಿ ನೀರಿನ ಕಡೆ ಮಾರಿ ಮಾಡಿ ನಿಲ್ತಿದ್ವು. ಉದ್ದವ್ವ ಎಷ್ಟು ಕರದ್ರೂ ಕಿವಿ ಅಲಗಸ್ತಿದ್ದಿಲ್ಲ. ಮೇವು ಬಿಟ್ಟು ಸೊರಗಿದ್ವು.

ಮೈದುನ ದುಂಡೇಶ ಬಂದ. "ವೈನಿ, ಇವು ನಿಮ್ಮ ಮಾತ ಕೇಳಂಗಿಲ್ಲ. ಮೂಡಲಗಿ ಸಂತಿಗೆ ಹೊಡದು ಮಾರಿ ಬಿಡೂಣು."

"ನಿನ್ನ ಮಾತ ನಿನ್ನ ಹೆಂಡ್ತಿ ಕೇಳ್ತಾಳೇನೋ? ಆಕಿನ್ನ ಯಾವ ಸಂತಿಗೆ ಹೊಡದಿ?"

ದುಂಡೇಶ ನಕ್ಕ. "ಆತು, ದೀಪಾವಳಿತನಕ ನೋಡೂಣು."

ಉದ್ದವ್ವ ನಗಲಿಲ್ಲ. ಕುರಿನೂ ಹೋದ್ರ ಮಾಲಿಂಗ ಖರೇನ ಹ್ವಾದಂಗ.

ಮರಿ ಸತ್ತ ಕುರಿಗೆ ತಾಯಿ ಇಲ್ಲದ ಪರದೇಶಿ ಮರಿ ಕೂಡಸಬೇಕಾದ್ರ ಸತ್ತ ಮರಿಯ ತೊಗಲು ಹೊದಸ್ತಾರ. ಕುರಿ ಮೂಗಿಲೆ ನೋಡ್ತೈತಿ. ಅದು ನೆನಪಾಗಿ ಉದ್ದವ್ವ ಹೊಳಿ ದಂಡಿಂದ ತಂದು ಗೂಟಕ್ಕ ಹಾಕಿದ್ದ ಅವನ ಕಂಬಳಿ ಇಳಿಸಿ, ಗಂಡ ಹೊದ್ದಂಗ ತಲಿ ಮುಚ್ಚಿ ಕೊಪ್ಪಿ ಹಾಕ್ಕೊಂಡ್ಳು. ತಂಬಾಕಿನ ವಾಸನಿ, ಬೆವರು, ಅವನು. ಕುತ್ತಿಗಿಗೆ ಅವನ ಉಸರು ತಾಗಿದಂಗಾತು. ಕುರಿ ತಲಿ ಎತ್ತಿ ಬೆನ್ನ ಹತ್ತಿದ್ವು.

ಸಂಜಿಗೆ ಕೊಪ್ಪಿ ಹೊದ್ದ ಆಕಾರ ಹೊಳಿ ಕಡಿಂದ ಬರೂದು ಕಂಡು ಹಾಲು ಮಾರೂ ಕಸ್ತೂರಿ ಕೈಯಾಗಿನ ಕ್ಯಾನ್ ಒಗದು ಓಡಿದ್ಳು. ಹುಕ್ಕೇರಿ ಮುಟ್ಟಿದ ಮ್ಯಾಲ ಹಿಂದ ನೋಡಿದ್ಳಂತ. ಸಂಕೇಶ್ವರ ಅನ್ನಾವ್ರೂ ಅದಾರ.

ಮನ್ಯಾಗ ಅತ್ತಿ ಪಾರವ್ವ ಓಡಲಿಲ್ಲ. ಆಕಿಗೆ ಕಣ್ಣು ಮಬ್ಬು. "ಬಂದ್ಯಾ ಮಾಲಿಂಗಾ? ತಡಾ ಆತಲ್ಲೋ ನನ್ನಪ್ಪಾ."

ಕೊಪ್ಪಿ ತಗದ್ರ ಅವನು ಮತ್ತೊಮ್ಮೆ ಸಾಯ್ತಾನ. ಉದ್ದವ್ವ "ಹೂಂ" ಅಂದ್ಳು. ಮುದುಕಿ ಕೈ ಹಿಡದು ಎಳಕೊಂಡ್ಳು. ಬೆರಳಿಗೆ ಬಳಿ ತಾಗಿದ್ವು. ಆದ್ರೂ ಕೈ ಬಿಡಲಿಲ್ಲ. ಅವತ್ತ ಇಬ್ಬರೂ ರೊಟ್ಟಿ ತಿಂದ್ರು.

ದೀಪಾವಳಿ ಮುಂದ ಹಿಂಗಾರಿ ಮಳಿ ಹೊಡೀತು. ಕಂಬಳಿ ತೊಯ್ದು ಹೆಣದಷ್ಟು ಭಾರಾತು. ಒಣಗಿಸಿ ಮೂಸಿದ್ಳು, ಅಂಚು ಮೂಸಿದ್ಳು, ಮಡಕಿ ಬಿಚ್ಚಿ ಮೂಸಿದ್ಳು. ಬರೀ ಉಣ್ಣಿ ವಾಸನಿ. ಶ್ರಾವಣದಿಂದ ಅಳದಾಕಿ ಅವತ್ತ ಅತ್ಳು.

ಮುಂಜಾನೆ ದುಂಡೇಶ ಕುರಿ ಹೇರಾಕ ಗಾಡಿ ತಂದು ನಿಲ್ಲಿಸಿದ್ದ. ಉದ್ದವ್ವ ಬರೇ ಸೆರಗು ಹೊದ್ದು ಹಟ್ಟಿ ತಗದ್ಳು. ಕರದ್ಳು. ದನಿ ಒಡೀತು. ಕುರಿ ಗಾಳಿ ಮೂಸಿದ್ವು. ಒಂದು ಮುದಿ ಕುರಿ ಮುಂದ ಬಂದು ಆಕಿ ಅಂಗೈ ಮೂಸಿತು, ಹೆಗಲು ಮೂಸಿತು. ಇಷ್ಟು ದಿನ ಆ ಕಂಬಳ್ಯಾಗ ಆಕಿ ಬೆವರೂ ಇತ್ತಲ್ಲ. ಉಳದ ಕುರಿನೂ ಆಕಿ ಬೆನ್ನ ಹತ್ತಿದ್ವು.

"ವೈನಿ, ನಾ ಬರೀ ಚಾ ಕುಡ್ಯಾಕ ಬಂದಿದ್ನಿ," ಅಂದ ದುಂಡೇಶ.

"ಒಳಗ ಅತ್ತಿ ಅದಾಳ, ಕುಡದು ಹೋಗು."

ಹಿಂದ ಹೊಳಿ ಮೊರೀತಿತ್ತು, ಯಾರೋ ಕರದಂಗ. ಉದ್ದವ್ವ ಒಮ್ಮೆ ನಿಂತು ಕೇಳಿದ್ಳು. ಕುರಿ ನಿಲ್ಲಲಿಲ್ಲ, ಕಟಾವಾದ ಗೋವಿನಜೋಳದ ಹೊಲಕ್ಕ ನಡದಿದ್ವು. ಆಕಿ ಅವುಗಳ ಹಿಂದ ದಡಾದಡಾ ಹೆಜ್ಜಿ ಹಾಕಿದ್ಳು.