ಮಗ್ಗದ ಬಾವು

ಹೆರಿಗೆಗೆಂದು ಇಳಕಲ್ಲಿನ ನಮ್ಮ ಮನೆಗೆ ಬಂದ ಮಗಳು ಸುಮ್ಮನೆ ಕೂರುವವಳಲ್ಲ. ಎಂಟು ತಿಂಗಳ ಹೊಟ್ಟೆ ಹೊತ್ತು ಮಗ್ಗದ ಕುಣಿಗೆ ಇಳಿದು ಸೀರೆ ನೇಯುತ್ತಿದ್ದಳು. ಕಾಲು ಬಾತವು. ದಿನವಿಡೀ ಕುಣಿಯಲ್ಲಿ ಕಾಲು ಇಳಿಬಿಟ್ಟರೆ ನಮ್ಮಲ್ಲಿ ಎಲ್ಲರಿಗೂ ಬಾಯುತ್ತವೆ. ಮಗ್ಗ ಬಿಡಿಸಿ, ಬಿಸಿನೀರು ಹಾಕಿ ಮೂರು ದಿನ ಕಾದೆ. ನಾಲ್ಕನೆಯ ಬೆಳಿಗ್ಗೆ ಮುಖವೂ ಊದಿತ್ತು. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗಿದೆ ಎಂದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದವಾಖಾನೆಗೆ ಎಳೆದುಕೊಂಡು ಹೋದೆ.

ನರ್ಸಬಾಯಿ ಬಿ.ಪಿ. ನೋಡಿ ನನ್ನತ್ತ ತಿರುಗಿದಳು.

"ಇಷ್ಟ ದಿನಾ ಏನ್ ಮಾಡಾಕತ್ತಿದ್ದಿ ಯವ್ವಾ?"

"ಮಗ್ಗದ ಬಾವ ಅನ್ಕೊಂಡೆ ರೀ."

"ಮಾರಿನೂ ಕುಣ್ಯಾಗ ಇಟ್ಟಿದ್ಲೇನು? ಬಿ.ಪಿ. ಭಾಳ ಏರೈತಿ. ಫಿಟ್ಸ್ ಬಂದ್ರ ಇಬ್ಬರೂ ಉಳಿಯಂಗಿಲ್ಲ. ಈಗಿಂದೀಗ ಬಾಗಲಕೋಟಿಗೆ ಹೊಂಡ್ರಿ."

"ಯವ್ವಾ, ಸೆರಗ ನೇಯೂದು ಉಳದೈತಿ" ಎಂದಳು ಮಗಳು.

"ಸುಡ ನಿನ್ನ ಸೆರಗ! ನಡಿ" ಎಂದೆ.

ಜೀಪಿನಲ್ಲಿ ದಾರಿಯುದ್ದಕ್ಕೂ ಅವಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಬಾಗಲಕೋಟೆಯಲ್ಲಿ ಸಂಜೆಗೆ ಹೊಟ್ಟೆ ಕೊಯ್ದು ಹೆಣ್ಣುಕೂಸು ತೆಗೆದರು. ಬಲು ಸಣ್ಣದಿತ್ತು, ಆದರೆ ಅತ್ತಿತು. ತಾಯಿಯೂ ಉಳಿದಳು.

ಹಡೆದ ಮೇಲೂ ಫಿಟ್ಸ್ ಬರಬಹುದು ಎಂದು ಅಲ್ಲಿಯ ನರ್ಸು ಹೇಳಿದ್ದಳು. ಐದನೆಯ ದಿನ ಮಗಳು ತಲೆನೋವು ಎಂದದ್ದೇ ತಡ, ನಾನು ವಾರ್ಡೆಲ್ಲ ಕೇಳುವಂತೆ ಕೂಗಿದೆ. ನರ್ಸು ಓಡಿ ಬಂದು ಬಿ.ಪಿ. ನೋಡಿದಳು.

"ಏನೂ ಇಲ್ಲಬೇ, ನಿದ್ದಿಗೆಟ್ಟಾಳ ಅಷ್ಟ."

ಪಕ್ಕದ ಮಂಚದವರು ನಕ್ಕರು. ನಗಲಿ. ಮರುದಿನ ಅವಳು ತಲೆ ಹಿಡಿದುಕೊಂಡಾಗಲೂ ಕೂಗಿದೆ.