ತಲೆಗೆ ನೀರು ಹಾಕಿದ ಬೆಳಗ್ಗೆ

ಸಾವಿನ ಮನೆಗೆ ಹೋಗಿ ಬಂದರೂ ಹೊಲಸು ತುಳಿದು ಬಂದರೂ ನಮ್ಮಲ್ಲಿ ಮೊದಲು ತಲೆಗೆ ನೀರು, ಮಾತು ಆಮೇಲೆ. ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ತಾನಾಗಿ ನೀರೊಲೆಯ ಕಡೆ ಹೋಗುತ್ತಿತ್ತು.

ಎಂಬತ್ತರ ದಶಕದ ಮಾತು. ನಾನು ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಅವಳ ಮಗಳಿಗೆ ಆಗ ಇಪ್ಪತ್ತೆರಡು. ಒಂದು ಶುಕ್ರವಾರ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋದ ಅಕ್ಕ ತಡವಾಗಿ, ಬರಿಗೈಯಲ್ಲಿ ಬಂದಳು. ಡೇರಿ ಸೆಕ್ರೆಟರಿಯ ಹೆಸರು ಹೇಳಿ, “ಕ್ಯಾನಿಡೋ ರೂಮಿಗೆ ಎಳ್ಕೊಂಡೋದ. ಬಾಗ್ಲಾಕಿ ಬಲವಂತ ಮಾಡ್ದ ಕಣಮ್ಮ” ಎಂದು ನೆಟ್ಟಗೆ ನಿಂತು ಹೇಳಿದಳು.

ದೊಡ್ಡಮ್ಮ ಅಳಲಿಲ್ಲ. ಒಲೆ ಹೊತ್ತಿಸಿದಳು. ನಾನು ನೀರು ಸೇದಿದೆ, ಸೀಗೆಕಾಯಿ ಹಾಕಿ ಅಕ್ಕನ ಬೆನ್ನುಜ್ಜಿದೆ. ಅವಳ ಸೀರೆ ರವಿಕೆಗಳು ಅದೇ ಒಲೆಗೆ ಹೋದವು. ದೊಡ್ಡಮ್ಮನಿಗೆ ಮಗಳೆಂದರೆ ಪ್ರಾಣ, ಆ ಪ್ರೀತಿಯಲ್ಲೇ ಇಷ್ಟೂ ಮಾಡಿದಳು.

ಕೂದಲು ಆರುವ ಮೊದಲೇ ಅಕ್ಕ, “ಠಾಣೆಗೋಗಣ ನಡೀರಿ” ಎಂದಳು. ಮೂವರೂ ಬಸ್ಸು ಹತ್ತಿದೆವು. ಠಾಣೆಯ ಮುಖ್ಯಪೇದೆ ಎಲ್ಲಾ ಕೇಳಿಸಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದ.

“ಬಟ್ಟೆ ಎಲ್ಲಮ್ಮ?”

“ಒಲೆಗಾಕ್ಬಿಟ್ಟೆ” ಎಂದಳು ದೊಡ್ಡಮ್ಮ.

“ಮೈನೂ ತೊಳ್ಸಿದ್ರಾ?”

“ತೊಳೀದೆ ಮನೆಯೊಳಕ್ಕೆ ಎಂಗ್ ಸೇರಿಸ್ಕೊಳ್ಳೋದು ಸ್ವಾಮಿ?”

ಅವನು ನಕ್ಕ. “ಇನ್ನೇನ್ ಬರೀಲಿ ನಾನು? ಡಾಕ್ಟ್ರು ಬರೋದು ಸೋಮವಾರ. ಆಸ್ಪತ್ರೆಗೋಗಿ ಚೀಟಿ ತನ್ನಿ, ನೋಡಣ.”

ಅಕ್ಕ ಹೇಳಿದ್ದನ್ನೇ ಅವನು ಬರೆದುಕೊಳ್ಳಬಹುದಿತ್ತು, ಬರೆದುಕೊಳ್ಳಲೇಬೇಕಿತ್ತು. ಅದು ನನಗೆ ಗೊತ್ತಾಗಲು ವರ್ಷಗಳೇ ಹಿಡಿದವು. ಅವತ್ತು ಮಾತ್ರ ತಪ್ಪು ನಮ್ಮದೇ ಅಂದುಕೊಂಡು ವಾಪಸು ಬಂದೆವು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಭಾನುವಾರ, ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಮಾರಿಕುಪ್ಪಂ ರೈಲಿನಲ್ಲಿ ಬಂದರು. “ಮದ್ವೆ ಆಗ್ಬೇಕಾದೋಳು. ಇಲ್ಗೇ ಬಿಟ್ಬಿಡಿ” ಎಂದರು. ಊರಿನ ಹಿರಿಯರದೂ ಅದೇ ಮಾತು. ಸೆಕ್ರೆಟರಿಗೆ ಬುದ್ಧಿ ಹೇಳಿದರಂತೆ. ಇನ್ನು ಮೇಲೆ ಹೆಣ್ಣುಮಕ್ಕಳು ಡೇರಿಗೆ ಇಬ್ಬಿಬ್ಬರಾಗಿ ಬರಬೇಕೆಂದು ತೀರ್ಮಾನವಾಯಿತು. ಅವನ ಕುರ್ಚಿ ಅಲ್ಲಾಡಲಿಲ್ಲ.

ಸೋಮವಾರ ಬೆಳಗ್ಗೆ ಅಕ್ಕ ಹೊಸ ಸೀರೆ ಉಟ್ಟು ನಿಂತಿದ್ದಳು. “ಡಾಕ್ಟ್ರು ಬಂದಿರ್ತಾರೆ, ಬಾಮ್ಮ” ಎಂದಳು. ದೊಡ್ಡಮ್ಮ ನೆಲ ನೋಡಿಕೊಂಡು, “ಹಾಲು ಕರ್ದಾಗೈತೆ, ಇಟ್ರೆ ಒಡ್ದೋಯ್ತದೆ” ಎನ್ನುತ್ತಾ ಕ್ಯಾನನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಂಡೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅಕ್ಕ ಒಬ್ಬಳೇ ಮೊದಲ ಬಸ್ಸಿಗೆ ಹೋದಳು.

ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಯುವವಳು, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದಳಂತೆ. ಯಾರೂ ಇಲ್ಲ ಎಂದಳಂತೆ ಅಕ್ಕ. ಆ ಹೊತ್ತಿಗೆ ಅವಳಮ್ಮನೂ ನಾನೂ, ಊರು ಹೇಳಿದ ಹಾಗೆ ಇಬ್ಬರಾಗಿ, ಅವನ ಮುಂದೆ ಹಾಲು ಅಳೆಸಿಕೊಳ್ಳುತ್ತಾ ನಿಂತಿದ್ದೆವು.